ಮೂವತ್ತು ಜನರ ಘಟಕಕ್ಕೆ ರಾನ್ಸಮ್‌ವೇರ್‌ನವರು ಯಾಕೆ ಬರುತ್ತಾರೆ?

ನಿಮ್ಮ ಪ್ರಶ್ನೆ ಇಷ್ಟು: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಿಮ್ಮದು ಮೂವತ್ತು ಜನರ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂ ನೋಡಿ ಬಿಡಿಭಾಗ ಕೊರೆಯುವ ಮಷಿನ್) ಘಟಕ. ನೀವು ಬಿಡಿಭಾಗ ಕೊಡುವ ದೊಡ್ಡ ಕಂಪನಿ ಸೈಬರ್ ಭದ್ರತೆ ಬಗ್ಗೆ ಒಂದು ಫಾರ್ಮ್ ಕಳಿಸಿದೆ. ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವುದು, ದೊಡ್ಡವರ ತಲೆನೋವು, ನಮ್ಮ ಹತ್ತಿರ ಏನಿದೆ, ಸುಮ್ನೆ ಎಲ್ಲದಕ್ಕೂ 'ಹೌದು' ಅಂತ ಟಿಕ್ ಹಾಕಿ ಕಳಿಸಲೇ ಎಂದು ಕೇಳಿದ್ದೀರಿ.

ಹಾಗೆ ಮಾಡಬೇಡಿ. ಮೈಸೂರು, ನಂಜನಗೂಡು ಕಡೆಯ ಫ್ಯಾಕ್ಟರಿಗಳಲ್ಲಿ ಪಿಎಲ್‌ಸಿ (ಮಷಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್), ನೆಟ್‌ವರ್ಕ್ ನೋಡಿಕೊಳ್ಳುವುದೇ ನನ್ನ ಕೆಲಸ. ನಿಮ್ಮಂಥ ಘಟಕಗಳ ಮೇಲೆ ನನಗೆ ತುಂಬಾ ಅಭಿಮಾನ ಇದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಜಪಾನಿನ ಟೊಯೋಟಾಗೆ ಪ್ಲಾಸ್ಟಿಕ್ ಬಿಡಿಭಾಗ ಕೊಡುವ ಕೊಜಿಮಾ ಇಂಡಸ್ಟ್ರೀಸ್ ಅಂತ ಒಂದು ಕಂಪನಿ. 2022ರ ಫೆಬ್ರವರಿ 26, ಶನಿವಾರ ರಾತ್ರಿ ಅವರ ಸರ್ವರ್‌ಗಳಿಗೆ ರಾನ್ಸಮ್‌ವೇರ್ ಬಿತ್ತು. ಒಳಗೆ ಬಂದ ದಾರಿ ಯಾವುದು ಗೊತ್ತಾ? ಅವರದೇ ಒಂದು ಉಪಕಂಪನಿ ಹೊರಗಿನವರ ಜೊತೆ ವ್ಯವಹರಿಸಲು ಇಟ್ಟುಕೊಂಡಿದ್ದ ರಿಮೋಟ್ ಸಂಪರ್ಕದ ಉಪಕರಣ. ಮಾರ್ಚ್ 1ರಂದು ಟೊಯೋಟಾ ಜಪಾನಿನ ತನ್ನ 14 ಕಾರ್ಖಾನೆಗಳ 28 ಲೈನುಗಳನ್ನೂ ನಿಲ್ಲಿಸಿತು. ಒಂದೇ ದಿನಕ್ಕೆ ಸುಮಾರು 13,000 ಗಾಡಿಗಳ ಉತ್ಪಾದನೆ ಹೋಯಿತು. ಟೊಯೋಟಾದ ಕಂಪ್ಯೂಟರನ್ನು ಯಾರೂ ಮುಟ್ಟಿರಲಿಲ್ಲ. ನಿಮಗೆ ಬಂದಿರುವ ಫಾರ್ಮ್ ಹಿಂದೆ ಇರುವುದು ಇಂಥದೇ ಭಯ. ದೊಡ್ಡ ಕಂಪನಿಯವರು ನಿಮಗೆ ಕಿರುಕುಳ ಕೊಡಲು ಕಳಿಸಿದ್ದಲ್ಲ.

'ನಮ್ಮ ಹತ್ತಿರ ಏನಿದೆ' ಅಂದಿರಲ್ಲ, ನಿಮ್ಮ ಹತ್ತಿರ ಅವಸರ ಇದೆ. ರಾನ್ಸಮ್‌ವೇರ್‌ನವರು ವ್ಯಾಪಾರ ಮಾಡುವುದೇ ಅದರ ಮೇಲೆ. ಮಂಡ್ಯದ ಕಡೆ ಕಬ್ಬು ನುರಿಸುವ ಕಾಲದಲ್ಲಿ ಫ್ಯಾಕ್ಟರಿ ಗೇಟಿನ ಮುಂದೆ ಟ್ರ್ಯಾಕ್ಟರ್, ಎತ್ತಿನ ಗಾಡಿಗಳ ಸಾಲು ನೋಡಿರುತ್ತೀರಿ. ಅಂಥ ದಿನ ಗಾಡಿ ತೂಗುವ ವೇ ಬ್ರಿಡ್ಜ್‌ನ ಕಂಪ್ಯೂಟರ್ ಲಾಕ್ ಆಯಿತು ಅಂದುಕೊಳ್ಳಿ. ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ರೈತರು ಕೂಗಾಡುತ್ತಾರೆ, ಮ್ಯಾನೇಜರ್ ಕೈಕಾಲು ಬಿಡುತ್ತಾರೆ. 'ಕೇಳಿದಷ್ಟು ಕೊಟ್ಟು ಮುಗಿಸಿ' ಎನ್ನುವ ಮಾತು ಬರುವುದು ಆಗಲೇ. ನಾಳೆ ಬೆಳಿಗ್ಗೆ ಡಿಸ್ಪ್ಯಾಚ್ ಇರುವ ನಿಮಗೂ ಅದೇ ಒತ್ತಡ ಅಲ್ವಾ?

ಇನ್ನೊಂದು ತಪ್ಪು ತಿಳಿವಳಿಕೆ ಜಾಸ್ತಿ ಇದೆ: ಮಷಿನ್‌ಗೆ ಇಂಟರ್‌ನೆಟ್ ಕೊಟ್ಟಿಲ್ಲ, ಹಾಗಾಗಿ ನಾವು ಕ್ಷೇಮ ಅನ್ನುವುದು. ಮಷಿನ್ ಓಡುತ್ತಲೇ ಇರಬಹುದು. ಆದರೆ ಡ್ರಾಯಿಂಗ್ ಆಫೀಸ್ ಕಂಪ್ಯೂಟರಿನಲ್ಲಿದೆ, ಪ್ರೋಗ್ರಾಂ ಅಲ್ಲೇ ಇದೆ, ಟ್ಯಾಲಿ ಅಲ್ಲೇ ಇದೆ. ಇ-ವೇ ಬಿಲ್ ಬೇರೆ ಕಂಪ್ಯೂಟರಿನಿಂದಲೂ ತೆಗೆಯಬಹುದು, ಸರಿ. ಅದರ ಪಾಸ್‌ವರ್ಡ್ ಮಾತ್ರ ಲಾಕ್ ಆದ ಕಂಪ್ಯೂಟರಿನ ಬ್ರೌಸರ್‌ಗೆ ಬಿಟ್ಟರೆ ಇನ್ಯಾರಿಗೂ ನೆನಪಿರುವುದಿಲ್ಲ. ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್‌ಗೆ 2021ರ ಮೇ ತಿಂಗಳಲ್ಲಿ ಆದದ್ದೂ ಹೀಗೇ. ದಾಳಿ ಆದದ್ದು ಆಫೀಸಿನ ನೆಟ್‌ವರ್ಕ್ ಮೇಲೆ, ಹೆದರಿ ಇಂಧನದ ಕೊಳವೆ ನಿಲ್ಲಿಸಿದ್ದು ಕಂಪನಿಯೇ. ಒಳಗೆ ಬಂದದ್ದು ಒಂದು ಹಳೆಯ ವಿಪಿಎನ್ (ಹೊರಗಿನಿಂದ ಕಂಪನಿ ನೆಟ್‌ವರ್ಕ್‌ಗೆ ಬರುವ ದಾರಿ) ಖಾತೆಯಿಂದ. ಅದಕ್ಕೆ ಪಾಸ್‌ವರ್ಡ್ ಬಿಟ್ಟರೆ ಒಟಿಪಿಯಂಥ ಎರಡನೇ ಕಾವಲು ಇರಲಿಲ್ಲ. ಅವರು 75 ಬಿಟ್‌ಕಾಯಿನ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 44 ಲಕ್ಷ ಡಾಲರ್ ಕೊಟ್ಟರು. ಬದಲಿಗೆ ಸಿಕ್ಕ ಬೀಗ ತೆಗೆಯುವ ಸಾಫ್ಟ್‌ವೇರ್ ಎಷ್ಟು ನಿಧಾನವಿತ್ತೆಂದರೆ, ಕೊನೆಗೆ ತಮ್ಮದೇ ಬ್ಯಾಕಪ್ಪನ್ನು ನೆಚ್ಚಿಕೊಳ್ಳಬೇಕಾಯಿತು.

ನಾರ್ವೆಯ ಅಲ್ಯೂಮಿನಿಯಂ ಕಂಪನಿ ನಾರ್ಸ್ಕ್ ಹೈಡ್ರೊ 2019ರ ಮಾರ್ಚ್‌ನಲ್ಲಿ ಹೀಗೇ ಸಿಕ್ಕಿಹಾಕಿಕೊಂಡಾಗ ಒಂದು ಪೈಸೆ ಕೊಡಲಿಲ್ಲ. ಕೆಲಸಗಾರರು ಕಾಗದದಲ್ಲಿದ್ದ ಆರ್ಡರ್ ನೋಡಿಕೊಂಡು ಕೈಯಿಂದ ಮಷಿನ್ ನಡೆಸಿದರು. ಹಳೆಯ ಪದ್ಧತಿ ಗೊತ್ತಿದ್ದ ನಿವೃತ್ತರೂ ಸಹಾಯಕ್ಕೆ ಬಂದರು. ನಷ್ಟ ದೊಡ್ಡದೇ ಆಯಿತು, ಆದರೆ ಬ್ಯಾಕಪ್‌ನಿಂದ ಎದ್ದು ನಿಂತರು. ಆ ವೈರಸ್ ಒಳಗೆ ಬಂದದ್ದು ಪರಿಚಯದ ಗ್ರಾಹಕರ ಇಮೇಲ್‌ನಲ್ಲಿ, ಅದೂ ತಿಂಗಳುಗಳ ಮುಂಚೆ.

ಈಗ ನಿಮ್ಮ ವಿಷಯ. ನನ್ನ ಪ್ರಕಾರ ಮೊದಲ ಕೆಲಸ ಬ್ಯಾಕಪ್, ಉಳಿದದ್ದೆಲ್ಲ ಆಮೇಲೆ. ಕಂಪ್ಯೂಟರಿಗೆ ಸದಾ ಚುಚ್ಚಿಟ್ಟಿರುವ ಹಾರ್ಡ್ ಡಿಸ್ಕ್ ಬ್ಯಾಕಪ್ ಅಲ್ಲ. ಕಂಪ್ಯೂಟರ್ ಜೊತೆ ಅದಕ್ಕೂ ಬೀಗ ಬೀಳುತ್ತದೆ. ಎರಡು ಡಿಸ್ಕ್ ತನ್ನಿ, ವಾರ ಬಿಟ್ಟು ವಾರ ಬದಲಿಸಿ, ಒಂದು ಯಾವಾಗಲೂ ಬೀರುವಿನಲ್ಲಿ ಇರಲಿ. ತಿಂಗಳಿಗೊಮ್ಮೆ ಅದರಿಂದ ನಾಲ್ಕು ಫೈಲ್ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಸಿಎನ್‌ಸಿ ಪ್ಯಾರಾಮೀಟರ್‌ಗಳನ್ನೂ, ಅಂದರೆ ಮಷಿನ್‌ನ ಸೆಟ್ಟಿಂಗ್‌ಗಳನ್ನೂ ಸೇರಿಸಿ. ಅನೇಕ ಕಂಟ್ರೋಲರ್‌ಗಳಲ್ಲಿ ಬ್ಯಾಟರಿ ಸತ್ತರೂ ಅವು ಅಳಿಸಿ ಹೋಗುತ್ತವೆ, ಅದು ನಿಮಗೇ ಗೊತ್ತಿರುತ್ತದೆ. ಆಯುಧಪೂಜೆಗೆ ಮಷಿನ್ ಒರೆಸಿ ಕುಂಕುಮ ಇಡುತ್ತೇವಲ್ಲ, ಅದಕ್ಕೆ ಮುಂಚೆ ಎಲ್ಲ ಮಷಿನ್‌ಗಳ ಪೂರ್ತಿ ಬ್ಯಾಕಪ್ ತೆಗೆಯುವ ರೂಢಿ ಮಾಡಿಕೊಳ್ಳಿ. ರಜೆ, ವಾರಾಂತ್ಯ ನೋಡಿಯೇ ರಾನ್ಸಮ್‌ವೇರ್‌ನವರು ಕೈ ಹಾಕುವುದು ಹೆಚ್ಚು.

ಎರಡನೆಯದು ರಿಮೋಟ್ ಸಾಫ್ಟ್‌ವೇರ್. ಸರ್ವೀಸ್ ಎಂಜಿನಿಯರ್ ದೂರದಿಂದ ನೋಡಲಿ ಎಂದು ಹಾಕಿದ್ದು ಕೆಲಸ ಮುಗಿದ ಮೇಲೂ ತೆರೆದೇ ಇರುತ್ತದೆ. ನಾನು ಹೋದ ಕಡೆಯೆಲ್ಲ ಮೊದಲು ಹುಡುಕುವುದು ಇದನ್ನೇ. ಬೇಕಾದಾಗ ಹಾಕಿ, ಮುಗಿದ ತಕ್ಷಣ ತೆಗೆಯಿರಿ.

ಮೂರನೆಯದು ಹಳೆಯ ವಿಂಡೋಸ್. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿದೆ. ಮಷಿನ್ ಜೊತೆ ಬಂದ ಕಂಪ್ಯೂಟರ್ ಬದಲಿಸಲು ಆಗದಿದ್ದರೆ ಪರವಾಗಿಲ್ಲ, ಆಫೀಸ್ ನೆಟ್‌ವರ್ಕ್‌ನಿಂದ ಬೇರೆ ಮಾಡಿ. 2017ರಲ್ಲಿ ವಾನಾಕ್ರೈ ಎಂಬ ರಾನ್ಸಮ್‌ವೇರ್ ಬಂದಾಗ ಚೆನ್ನೈ ಬಳಿಯ ರೆನೋ-ನಿಸಾನ್ ಕಾರ್ಖಾನೆಗೂ ಅದರ ಬಿಸಿ ತಟ್ಟಿತ್ತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮುಂಚೆಯೇ ಕೊಟ್ಟಿತ್ತು.

ಅಕಸ್ಮಾತ್ ಪರದೆ ಮೇಲೆ ದುಡ್ಡಿನ ಬೇಡಿಕೆ ಬಂದರೆ ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆರಿಸಿ. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿಸಬೇಡಿ, ಸಾಕ್ಷಿ ಹೋಗುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ 6 ಗಂಟೆಯೊಳಗೆ ತಿಳಿಸಬೇಕು ಎಂಬುದು 2022ರ ನಿಯಮ. ಪೊಲೀಸರಿಗೆ ದೂರು ಕೊಡಲು 1930 ಇದೆ. 'ನೋ ಮೋರ್ ರಾನ್ಸಮ್' ಎಂಬ ತಾಣದಲ್ಲಿ ಕೆಲವು ಹಳೆಯ ಬಗೆಯ ರಾನ್ಸಮ್‌ವೇರ್‌ಗಳ ಬೀಗದ ಕೈ ಉಚಿತವಾಗಿ ಸಿಗುತ್ತದೆ. ನಿಮ್ಮ ಅದೃಷ್ಟಕ್ಕೆ ಅಲ್ಲಿ ಇದ್ದರೂ ಇರಬಹುದು.

ಫಾರ್ಮ್‌ನಲ್ಲಿ ಇಲ್ಲದ್ದನ್ನು 'ಇಲ್ಲ' ಎಂದೇ ಬರೆಯಿರಿ, ಪಕ್ಕದಲ್ಲಿ ಯಾವ ತಿಂಗಳೊಳಗೆ ಮಾಡುತ್ತೀರಿ ಎಂದು ಸೇರಿಸಿ. ನಾಳೆ ಏನಾದರೂ ಆದರೆ ಸುಳ್ಳು 'ಹೌದು' ಒಪ್ಪಂದಕ್ಕೇ ಕುತ್ತು ತರಬಹುದು. ನಿಮ್ಮ ಮಷಿನ್‌ಗಳಲ್ಲಿ ಯಾವ ಕಂಟ್ರೋಲರ್ ಇದೆ ಎಂದು ತಿಳಿಸಿದರೆ, ಪ್ಯಾರಾಮೀಟರ್ ಬ್ಯಾಕಪ್ ತೆಗೆಯುವ ಕ್ರಮ ಬರೆದು ಹಾಕುತ್ತೇನೆ.