ಬಿಪಿಎಲ್, ಎಪಿಎಲ್ ಮಕ್ಕಳ ಎತ್ತರ ಹೋಲಿಸಲು 300 ಮಕ್ಕಳು ಸಾಕೇ?

ಯಾದಗಿರಿಯ ಅಂಗನವಾಡಿಗಳಿಂದ ಐದು ವರ್ಷದೊಳಗಿನ 300 ಮಕ್ಕಳನ್ನು ಆರಿಸಿ, ಬಿಪಿಎಲ್ ಮತ್ತು ಎಪಿಎಲ್ ಮನೆಗಳ ಮಕ್ಕಳ ಎತ್ತರ ಹೋಲಿಸಿ ಪಿಎಚ್.ಡಿ. ಅಧ್ಯಾಯ ಬರೆಯಬೇಕು, ಸಂಖ್ಯೆ ಸಾಕೇ, ಯಾವ ಸಾಫ್ಟ್‌ವೇರ್ ಬಳಸಲಿ ಎಂದು ಕೇಳಿದ್ದೀರಿ. ನಾನೂ ಇವೆರಡೇ ಪ್ರಶ್ನೆ ಹಿಡಿದು ಕ್ಷೇತ್ರಕಾರ್ಯಕ್ಕೆ ಇಳಿದವನು. ನಿಮ್ಮ ಅಧ್ಯಯನ ಕೆಡುವುದಾದರೆ ಈ ಎರಡರಿಂದ ಕೆಡುವುದಿಲ್ಲ, ವಯಸ್ಸಿನ ಕಾಲಂನಿಂದ ಕೆಡುತ್ತದೆ.

ನಮ್ಮ ತಂಡದ ಪ್ರಶ್ನಾವಳಿಯಲ್ಲಿ ‘ಮಗುವಿನ ವಯಸ್ಸು, ತಿಂಗಳಲ್ಲಿ’ ಎಂದು ಒಂದೇ ಖಾನೆ ಇತ್ತು. ತಾಯಿ ಹೇಳಿದ್ದನ್ನು ಬರೆದುಕೊಂಡು ಬಂದೆವು. ಎಲ್ಲ ಮುಗಿದ ಮೇಲೆ ನಕ್ಷೆ ಹಾಕಿ ನೋಡಿದರೆ 24, 36, 48 ತಿಂಗಳಲ್ಲಿ ಮಕ್ಕಳು ಗುಂಪುಗುಂಪಾಗಿದ್ದರು. 23, 25, 35, 37ರಲ್ಲಿ ಬೆರಳೆಣಿಕೆಯಷ್ಟು. ಹುಟ್ಟಿದ ತಾರೀಕು ಎಲ್ಲೂ ಬರೆದಿರಲಿಲ್ಲ, ಸುಗ್ಗಿ ಮುಗಿಸಿ ಎಷ್ಟೋ ಮನೆಯವರು ದುಡಿಯಲು ಬೆಂಗಳೂರಿಗೆ ಹೋಗಿಬಿಟ್ಟಿದ್ದರು. ಎತ್ತರದ ಅಧ್ಯಾಯವನ್ನೇ ಕೈಬಿಡಬೇಕಾಯಿತು.

ನಾಲ್ಕು ತಿಂಗಳು ಆಚೀಚೆಯಾದರೆ ಏನಾದೀತು ಎನ್ನಿಸಬಹುದು. ಒಂದು ಗಂಡುಮಗು 79.5 ಸೆಂ.ಮೀ. ಉದ್ದ ಇದೆ, ನಿಜವಾದ ವಯಸ್ಸು 20 ತಿಂಗಳು ಎಂದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಬೆಳವಣಿಗೆ ಮಾನದಂಡದಲ್ಲಿ ಆ ವಯಸ್ಸಿಗೆ ಮಧ್ಯಮ ಅಳತೆ 84.2, ಕುಂಠಿತ (ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯದ ಮಗು) ಎನ್ನಲು ಗಡಿ 78.6. ಮಗು ಗಡಿಯ ಮೇಲಿದೆ. ಅದೇ ಮಗುವಿಗೆ ತಾಯಿ ‘ಎರಡು ವರ್ಷ’ ಎಂದರೆ ನೀವು 24 ಎಂದು ಬರೆಯುತ್ತೀರಿ. ಅಲ್ಲಿ ಗಡಿ 81.0. ಒಂದು ಮಿಲಿಮೀಟರ್ ಕೂಡ ಬದಲಾಗದೆ ಮಗು ಕುಂಠಿತರ ಪಟ್ಟಿಗೆ ಸೇರಿತು. ಎರಡು ವರ್ಷದೊಳಗಿನವರನ್ನು ಮಲಗಿಸಿ, ಮೇಲ್ಪಟ್ಟವರನ್ನು ನಿಲ್ಲಿಸಿ ಅಳೆಯಬೇಕು. ಹೀಗಾಗಿ ವಯಸ್ಸು ತಪ್ಪಿದರೆ ಅಳೆಯುವ ಭಂಗಿಯೂ ತಪ್ಪುತ್ತದೆ, ಅದರಿಂದ ಇನ್ನೊಂದು 0.7 ಸೆಂ.ಮೀ. ವ್ಯತ್ಯಾಸ ಬರುತ್ತದೆ.

ಈ ತಪ್ಪು ಎಲ್ಲ ಮನೆಯಲ್ಲೂ ಒಂದೇ ಪ್ರಮಾಣದಲ್ಲಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಆದರೆ ಜನನ ಪ್ರಮಾಣ ಪತ್ರ ಜೋಪಾನವಾಗಿಟ್ಟ ಮನೆಯಲ್ಲಿ ತಾರೀಕು ಸಿಗುತ್ತದೆ. ಕೂಲಿಗಾಗಿ ಊರೂರು ತಿರುಗುವ ಮನೆಯಲ್ಲಿ ಅಂದಾಜು ಮಾತ್ರ ಸಿಗುತ್ತದೆ. ಅಂದರೆ ಬಡತನ ಹೆಚ್ಚಿದಷ್ಟೂ ವಯಸ್ಸಿನ ತಪ್ಪು ಹೆಚ್ಚು. ನೀವು ಬಡವರ ಮತ್ತು ಉಳ್ಳವರ ಮಕ್ಕಳ ನಡುವೆ ಕಾಣುವ ಅಂತರದಲ್ಲಿ ಹಸಿವಿನ ಪಾಲೆಷ್ಟು, ಕಾಗದ ಇಲ್ಲದಿರುವುದರ ಪಾಲೆಷ್ಟು ಎಂದು ಆಮೇಲೆ ಯಾರೂ ಬಿಡಿಸಿ ಹೇಳಲಾರರು. ಒಂದೇ ಮನೆಯೊಳಗೂ ಇದು ನಡೆಯುತ್ತದೆ: ಹೆಣ್ಣುಮಗುವಿಗೆ ಭಾಗ್ಯಲಕ್ಷ್ಮಿಗೆ ಅರ್ಜಿ ಹಾಕಿದ್ದರೆ ಪ್ರಮಾಣ ಪತ್ರ ಮಾಡಿಸಿಯೇ ಇರುತ್ತಾರೆ, ಅದರ ತಮ್ಮನಿಗೆ ಮಾಡಿಸಿರಬೇಕೆಂದಿಲ್ಲ.

ಸರ್ಕಾರದ ನೀತಿ ಈ ಅಂಕಿಗಳ ಮೇಲೆಯೇ ನಿಲ್ಲುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದ ಕುಂಠಿತ ಮಕ್ಕಳು ಶೇ. 36.2, ಐದನೇ ಸುತ್ತಿನಲ್ಲಿ (2019–21) ಶೇ. 35.4. ಒಂದು ಜಿಲ್ಲೆಯ ಸಣ್ಣ ಅಧ್ಯಯನದಲ್ಲಿ ವಯಸ್ಸಿನ ತಪ್ಪೊಂದೇ ಇಷ್ಟು ಅಂತರವನ್ನು ಸುಲಭವಾಗಿ ನುಂಗಿಹಾಕುತ್ತದೆ.

ಹಾಗಾಗಿ ತಿಂಗಳ ಖಾನೆಯನ್ನು ಕಿತ್ತುಹಾಕಿ. ಭೇಟಿಯ ತಾರೀಕು, ಹುಟ್ಟಿದ ತಾರೀಕು, ಆ ತಾರೀಕು ಎಲ್ಲಿಂದ ಬಂತು, ಈ ಮೂರು ಖಾನೆ ಇರಲಿ. ವಯಸ್ಸಿನ ಲೆಕ್ಕ ಕಂಪ್ಯೂಟರ್ ಮಾಡಲಿ (ದಿನಗಳನ್ನು 30.4375ರಿಂದ ಭಾಗಿಸಿದರೆ ತಿಂಗಳು). ಮೊದಲು ಜನನ ಪ್ರಮಾಣ ಪತ್ರ ಕೇಳಿ, ಇಲ್ಲದಿದ್ದರೆ ತಾಯಿ ಕಾರ್ಡ್. ತಾಯಿ ಕಾರ್ಡ್‌ನಲ್ಲಿ ಲಸಿಕೆಯ ಪುಟವನ್ನೂ ತೆರೆಯಿರಿ: ಆಸ್ಪತ್ರೆ ಹೆರಿಗೆಯಾದರೆ ಬಿಸಿಜಿ ಹುಟ್ಟಿದ ಒಂದೆರಡು ದಿನದಲ್ಲೇ ಬಿದ್ದಿರುತ್ತದೆ, ಪೆಂಟಾವೇಲೆಂಟ್‌ನ ಮೊದಲ ಡೋಸ್ 6 ವಾರಕ್ಕೆ. ಬರೆದ ಜನ್ಮದಿನ ಇವಕ್ಕೆ ಹೊಂದದಿದ್ದರೆ ಲಸಿಕೆಯ ತಾರೀಕನ್ನೇ ಹೆಚ್ಚು ನಂಬಿ. ಅಂಗನವಾಡಿ ರಿಜಿಸ್ಟರು ಮೂರನೆಯದು, ಏಕೆಂದರೆ ಅಲ್ಲೂ ಎಷ್ಟೋ ಬಾರಿ ಬಾಯಿಮಾತಿನ ತಾರೀಕೇ ಇರುತ್ತದೆ.

ಯಾವುದೂ ಇಲ್ಲದ ಮನೆಗೆ ಘಟನೆಗಳ ಕ್ಯಾಲೆಂಡರ್ ಬೇಕು. ಇದನ್ನು ಊರಿನವರ ಜೊತೆ ಕೂತು ನೀವೇ ಮಾಡಿಕೊಳ್ಳಬೇಕು. ಮೊದಲು ವರ್ಷ ಹಿಡಿಯಿರಿ: 2023ರ ಮೇ 10ರ ವಿಧಾನಸಭೆ ಚುನಾವಣೆಗೆ ವೋಟು ಹಾಕುವಾಗ ಮಗು ಹೊಟ್ಟೆಯಲ್ಲಿತ್ತೋ ಕೈಯಲ್ಲಿತ್ತೋ? 2024ರ ಮೇ 7ರ ಲೋಕಸಭೆ ಮತದಾನಕ್ಕೆ? ಆಮೇಲೆ ತಿಂಗಳು: ಕಾರಹುಣ್ಣಿಮೆ, ನಾಗರ ಪಂಚಮಿ, ಮಹಾನವಮಿ, ಎಳ್ಳಮಾವಾಸ್ಯೆ, ಹತ್ತಿ ಬಿಡಿಸುವುದು, ತೊಗರಿ ರಾಶಿ, ಊರ ಜಾತ್ರೆ, ಒಂದೊಂದಕ್ಕೂ ‘ಮುಂಚೆಯೋ ಆಮೇಲೋ’ ಎಂದು ಕೇಳುತ್ತ ಬನ್ನಿ. ಹಬ್ಬಗಳ ತಾರೀಕನ್ನು ಪ್ರತಿ ವರ್ಷಕ್ಕೂ ಬೇರೆಯಾಗಿ ಬರೆದುಕೊಳ್ಳಿ. 2022ರಲ್ಲಿ ಗಣೇಶ ಚೌತಿ ಆಗಸ್ಟ್ 31ಕ್ಕೆ ಬಂತು. 2023ರಲ್ಲಿ ಅಧಿಕ ಶ್ರಾವಣ ಇದ್ದುದರಿಂದ ಸೆಪ್ಟೆಂಬರ್ 18ಕ್ಕೆ ಹೋಯಿತು. ಮೊಹರಂ ಅಂತೂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ತಿಂಗಳು ಸಿಕ್ಕು ದಿನ ಸಿಗದಿದ್ದರೆ 15 ಎಂದು ಬರೆಯಿರಿ.

ದತ್ತಾಂಶ ಬರುತ್ತಿರುವಾಗಲೇ ಪ್ರತಿ ಸಂಜೆ ನೋಡಬೇಕಾದದ್ದು ಎತ್ತರ–ವಯಸ್ಸಿನ ಝಡ್ ಅಂಕದ (ಮಗುವಿನ ಎತ್ತರ ಆ ವಯಸ್ಸಿನ ಮಧ್ಯಮ ಅಳತೆಯಿಂದ ಎಷ್ಟು ದೂರ ಎಂದು ಹೇಳುವ ಅಂಕ) ಪ್ರಮಾಣ ವಿಚಲನೆ, ಅಂದರೆ ಈ ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದು. ಅದು 1ರ ಆಸುಪಾಸಿನಲ್ಲಿರಬೇಕು. 1.5 ದಾಟುತ್ತಿದ್ದರೆ ತೂಕ–ಎತ್ತರದ ಅಂಕದ ವಿಚಲನೆಯನ್ನು ಪಕ್ಕದಲ್ಲಿಟ್ಟು ನೋಡಿ. ಆ ಲೆಕ್ಕಕ್ಕೆ ವಯಸ್ಸು ಬೇಕಿಲ್ಲ. ಅದು ಸರಿಯಿದ್ದು ಇದೊಂದೇ ಹಿಗ್ಗಿದ್ದರೆ ನಿಮ್ಮ ಅಳತೆ ಹಲಗೆಯನ್ನು ದೂರಬೇಡಿ, ವಯಸ್ಸು ತಪ್ಪಿದೆ. ಹುಟ್ಟಿದ ತಿಂಗಳವಾರು ಸರಾಸರಿ ಅಂಕವನ್ನೂ ಹಾಕಿ ನೋಡಿ. ಜನವರಿಯಲ್ಲಿ ಹುಟ್ಟಿದವರು ಗಿಡ್ಡ, ಡಿಸೆಂಬರ್‌ನಲ್ಲಿ ಹುಟ್ಟಿದವರು ಎತ್ತರ ಎಂದು ಬಂದರೆ, ವರ್ಷ ಗೊತ್ತಿದ್ದು ತಿಂಗಳನ್ನು ಊಹಿಸಿ ತುಂಬಿದ್ದಾರೆ ಎಂದು ಅನುಮಾನಿಸಿ. ಅಳತೆಯನ್ನು ಇಬ್ಬರು ಬೇರೆಬೇರೆಯಾಗಿ ತೆಗೆಯಲಿ, 7 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಇಬ್ಬರೂ ಮತ್ತೆ ಅಳೆಯಲಿ. ಜಡೆ, ಜುಟ್ಟು ಬಿಚ್ಚಿಸುವುದನ್ನು ಮರೆಯಬೇಡಿ.

ಇನ್ನು ಬಿಪಿಎಲ್, ಎಪಿಎಲ್ ಹೋಲಿಕೆ. ದಯವಿಟ್ಟು ಬಿಡಿ. ಹಳ್ಳಿಗಳಲ್ಲಿ ಬಹುಪಾಲು ಮನೆಯವರ ಕೈಯಲ್ಲಿ ಬಿಪಿಎಲ್ ಕಾರ್ಡೇ ಇರುವಾಗ ಅದು ಬಡವರಲ್ಲಿ ಕಡುಬಡವರನ್ನು ಬೇರ್ಪಡಿಸುವುದಿಲ್ಲ, ಎಪಿಎಲ್ ಗುಂಪಿನಲ್ಲಿ ನಿಮಗೆ ಬೆರಳೆಣಿಕೆಯಷ್ಟು ಮಕ್ಕಳು ಸಿಕ್ಕಾರು. ನೆಲ, ಗೋಡೆ, ಶೌಚಾಲಯ, ನೀರು, ಜಮೀನು, ದನಕರು, ಬೈಕು, ಫೋನು ಕೇಳಿ ಆಸ್ತಿ ಸೂಚ್ಯಂಕ ಕಟ್ಟಿ. ಕುಟುಂಬ ಆರೋಗ್ಯ ಸಮೀಕ್ಷೆ ಮಾಡುವುದೂ ಅದನ್ನೇ. ಮಕ್ಕಳನ್ನು ಅಂಗನವಾಡಿ ಹಾಜರಿಯಿಂದ ಆರಿಸಬೇಡಿ: ಕೇಂದ್ರಕ್ಕೆ ಬರುವ ಮಗು ಊಟ, ಮೊಟ್ಟೆ ಪಡೆಯುತ್ತಿರುವ ಮಗು, ಬಾರದ ಮಗುವನ್ನೇ ನೀವು ಹುಡುಕಬೇಕಾದದ್ದು. ಓಣಿ ಓಣಿ ತಿರುಗಿ ಮನೆಪಟ್ಟಿ ಮಾಡಿ, ಅದರಿಂದ ಚೀಟಿ ಎತ್ತಿ. ಬೀಗ ಹಾಕಿದ ಮನೆಗಳನ್ನೂ ಪಟ್ಟಿಯಲ್ಲಿ ಗುರುತಿಸಿಡಿ.

ತಾರೀಕು ಸರಿಯಿರುವ 300 ಮಕ್ಕಳು ಒಂದು ಜಿಲ್ಲೆಯ ಅಧ್ಯಾಯಕ್ಕೆ ಸಾಕು. ಸಾಫ್ಟ್‌ವೇರ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ‘ಆಂಥ್ರೊ’ ಉಚಿತವಾಗಿ ಸಿಗುತ್ತದೆ.

ಕೊನೆಯದಾಗಿ, ತೋಳಳತೆಯ ಪಟ್ಟಿ ಚೀಲದಲ್ಲಿರಲಿ. 6 ತಿಂಗಳು ತುಂಬಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅಥವಾ ಎರಡೂ ಪಾದ ಊದಿದ್ದರೆ ಅಂದೇ ಆಶಾ ಕಾರ್ಯಕರ್ತೆಗೆ ತಿಳಿಸಿ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆ ಮಾಡಿ. ಇದನ್ನು ನೈತಿಕ ಸಮಿತಿಗೆ ಕೊಡುವ ಅರ್ಜಿಯಲ್ಲೇ ಬರೆದು, ಕೇಂದ್ರದ ಫೋನ್ ನಂಬರನ್ನು ಪ್ರಶ್ನಾವಳಿಯ ಹಿಂಬದಿಯಲ್ಲಿ ಮುದ್ರಿಸಿಕೊಳ್ಳಿ.