ಖಾಲಿ ಗುಡ್ಡಕ್ಕೂ ಕಂದಾಯ ಯಾಕೆ?

ಪ್ರಶ್ನೆ: ಮೇಡಂ, ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಲ್ಲಿರುವ ಮಗಳ ಮನೆಗೆ ಬಂದಿದ್ದೇನೆ. ಇಲ್ಲಿ ಮನೆ ಕಂದಾಯದ ಜೊತೆಗೆ ಬಯಲು, ಗುಡ್ಡ ಉಳಿಸೋಕೆ ಅಂತಲೂ ದುಡ್ಡು ಕಟ್ಟಬೇಕಂತೆ. ಕಟ್ಟಡ ಕಟ್ಟಬಾರದು ಅಂತ ಕಾನೂನು ಮಾಡಿದರೆ ಸಾಲದೇ? ಜಾಗ ಕೊಂಡೇ ಉಳಿಸಬೇಕಾ?
– ನಿವೃತ್ತ ಮೇಷ್ಟ್ರು, ಮೈಸೂರು

ಉತ್ತರ: ಸಾಲದು ಸರ್. ಕಾನೂನು ಮಾಡಿದವರೇ ನಾಳೆ ಅದನ್ನು ಬದಲಾಯಿಸಬಹುದು. ಮಾಸ್ಟರ್ ಪ್ಲಾನಿನಲ್ಲಿ ಹಸಿರು ಬಣ್ಣ ಹಚ್ಚಿದ ಜಮೀನು ಕನ್ವರ್ಷನ್ ಆಗಿ ಲೇಔಟ್ ಆಗೋದನ್ನು ನಾವೇ ನೋಡಿದ್ದೇವೆ, ಅಲ್ವಾ? ಪಾರ್ಕು, ಆಟದ ಮೈದಾನ ಉಳಿಸೋಕೆ ಕರ್ನಾಟಕದಲ್ಲಿ 1985ರಿಂದಲೇ ಕಾಯ್ದೆ ಇದೆ. ಆದರೂ ಎಷ್ಟೋ ಬಡಾವಣೆಗಳ ಜನ ಅದಕ್ಕಾಗಿ ಕೋರ್ಟಿಗೆ ಅಲೆಯಬೇಕಾಗಿದೆ.

ನಿಮ್ಮ ಮಗಳು ಇರುವ ಕಣಿವೆ ಒಂದು ಕಾಲಕ್ಕೆ ಪೂರ್ತಿ ಹಣ್ಣಿನ ತೋಟ. ಏಪ್ರಿಕಾಟ್, ಪ್ಲಮ್ ಬೆಳೆಯುತ್ತಿದ್ದ ನೆಲದ ಮೇಲೆ ಈಗ ಕಂಪ್ಯೂಟರ್ ಕಂಪನಿಗಳಿವೆ. ತೋಟ ಹೋದ ಹಾಗೆ ಗುಡ್ಡಗಳೂ ಹೋಗುತ್ತವೆ ಅಂತ ಹೆದರಿದ ಜನ 1972ರಲ್ಲಿ ಮತ ಹಾಕಿ, ಮಿಡ್‌ಪೆನಿನ್ಸುಲಾ ಅನ್ನುವ, ಜಾಗ ಕೊಂಡು ಉಳಿಸುವ ಬಯಲುಭೂಮಿ ಸಂಸ್ಥೆಯನ್ನು ಮಾಡಿಕೊಂಡರು. ಮನೆ ಕಂದಾಯದ ಒಂದು ಸಣ್ಣ ಪಾಲು ಅದಕ್ಕೆ ಹೋಗುತ್ತದೆ. 2014ರಲ್ಲಿ ಮತ್ತೆ 30 ಕೋಟಿ ಡಾಲರ್ ಸಾಲ ಎತ್ತಲು ಜನರನ್ನು ಕೇಳಿದರು. ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು, ಬಂತು. ಆ ಸಾಲಕ್ಕೆ ಕಂದಾಯದ ಲೆಕ್ಕದಲ್ಲಿ 10 ಲಕ್ಷ ಡಾಲರ್ ಬೆಲೆಯ ಮನೆಯವರು ಕಟ್ಟಬೇಕಾದದ್ದು ಹೆಚ್ಚೆಂದರೆ ವರ್ಷಕ್ಕೆ 32 ಡಾಲರಿನಷ್ಟು.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ವಿಷಯ. ಹೀಗೆ ಕೊಂಡು, ಬಯಲಾಗಿಯೇ ಇರಲಿ ಅಂತ ಮೀಸಲಿಟ್ಟ ಜಾಗವನ್ನು ಸಂಸ್ಥೆ ತನ್ನಷ್ಟಕ್ಕೆ ತಾನೇ ಮಾರುವ ಹಾಗಿಲ್ಲ, ಮತದಾರರ ಒಪ್ಪಿಗೆ ಬೇಕು. ನಮ್ಮ ಕೆರೆಯಂಗಳಗಳಿಗೂ ಇಂಥದ್ದೊಂದು ಬೀಗ ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಜಾಗ ಕಟ್ಟಿಹಾಕಿದ್ದಕ್ಕೇ ಮನೆ ಬೆಲೆ ಏರಿತು ಅಂತ ದೂರುವವರೂ ಅಲ್ಲಿದ್ದಾರೆ. ಸ್ವಲ್ಪ ನಿಜ ಇರಬಹುದು. ಆದರೆ ಅದಕ್ಕೆ ಪರಿಹಾರ ಊರೊಳಗೆ ಇನ್ನೂ ಎರಡು ಅಂತಸ್ತು ಎತ್ತರಿಸೋದು, ಗುಡ್ಡ ಕಡಿಯೋದಲ್ಲ. ಶನಿವಾರ ಬೆಳಿಗ್ಗೆ ರ್‍ಯಾಂಚೊ ಸ್ಯಾನ್ ಆಂಟೋನಿಯೊ ಅನ್ನುವ, ಹೀಗೆ ಉಳಿಸಿಕೊಂಡ ಬಯಲಿಗೆ ಹೋಗಿ ಬನ್ನಿ, ಪಾರ್ಕಿಂಗ್ ಸಿಗೋದು ಕಷ್ಟ, ಬೇಗ ಹೊರಡಿ.

ಪ್ರಶ್ನೆ: ಜಮೀನು ಮಾರದೆ ಉಳಿಸಿಕೊಳ್ಳುವ ರೈತನಿಗೆ ಅಮೆರಿಕದಲ್ಲಿ ಸರ್ಕಾರ ದುಡ್ಡು ಕೊಡುತ್ತದಂತೆ, ನಿಜನಾ?
– ಓದುಗರೊಬ್ಬರು, ದೇವನಹಳ್ಳಿ

ಉತ್ತರ: ನಿಜ, ಆದರೆ ಸುಮ್ನೆ ಕೊಡುವುದಿಲ್ಲ. ಅಲ್ಲಿ ಕಟ್ಟಡ ಕಟ್ಟುವ ಹಕ್ಕನ್ನು ಮಾತ್ರ ಕೊಳ್ಳುತ್ತಾರೆ. ಲೇಔಟಿಗೆ ಮಾರಿದರೆ ಬರುವ ಬೆಲೆಗೂ ಬೇಸಾಯದ ಜಮೀನಿನ ಬೆಲೆಗೂ ಇರುವ ವ್ಯತ್ಯಾಸವನ್ನು ಲೆಕ್ಕ ಹಾಕಿ ಕೊಡುತ್ತಾರೆ. ನ್ಯೂಯಾರ್ಕ್ ರಾಜ್ಯದ ಸಫೊಕ್ ಕೌಂಟಿ 1974ರಲ್ಲಿ ಈ ದಾರಿ ಹಿಡಿಯಿತು. ಜಮೀನು ರೈತನ ಹೆಸರಲ್ಲೇ ಇರುತ್ತದೆ, ಉಳುಮೆಯೂ ಅವನದೇ. ಮಕ್ಕಳಿಗೆ ಕೊಡಬಹುದು, ಬೇರೆಯವರಿಗೆ ಮಾರಲೂಬಹುದು. ಕೊಂಡವರು ಅಲ್ಲಿ ಬೇಸಾಯ ಮಾಡಬಹುದೇ ಹೊರತು ಸೈಟು ಹಾಕುವ ಹಾಗಿಲ್ಲ.