ನಾಲಿಗೆಯಡಿ ಇಡುವ ಮಾತ್ರೆಯೂ ಚಟವೇ? ಓದುಗರ ಪ್ರಶ್ನೆ, ಮನೋವೈದ್ಯರ ಉತ್ತರ

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಬೈಕ್ ಅಪಘಾತದಲ್ಲಿ ಕಾಲು ಮುರಿದಾಗ ಶುರುವಾದ ಟ್ರಮಡಾಲ್ ಎಂಬ ನೋವಿನ ಮಾತ್ರೆಯನ್ನು ಬಿಡಲಾಗದೆ, ಮಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಬ್ರೌನ್ ಶುಗರ್ ಎಂಬ ಕಚ್ಚಾ ಹೆರಾಯಿನ್‌ವರೆಗೆ ಹೋದ. ಒಂದು ಕೇಂದ್ರದಲ್ಲಿ ಕೆಲವು ದಿನ ಇರಿಸಿಕೊಂಡು ಬಿಡಿಸಿ ಕಳುಹಿಸಿದರು. ಮನೆಯ ದೈವದ ಎದುರು ಮಾತೂ ಕೊಟ್ಟ. ತಿಂಗಳೊಳಗೆ ಮತ್ತೆ ಅದೇ ಕತೆ. ಈಗ ಮನೋವೈದ್ಯರು ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಮಾತ್ರೆ ಕೊಡುತ್ತಿದ್ದಾರೆ. ಅದೂ ಅಫೀಮಿನ ಜಾತಿಯದೇ ಎಂದು ಕೇಳಿ ಅಮ್ಮ ಹೆದರಿದ್ದಾರೆ. ಎಷ್ಟು ಕಾಲ ಕೊಡಬೇಕು?
- ಹೆಸರು ಬೇಡ, ಬ್ರಹ್ಮಾವರ

ಉತ್ತರ: ನಿಮ್ಮ ತಾಯಿಯವರ ಹೆದರಿಕೆ ಸಹಜವೇ, ಆದರೆ ದಯವಿಟ್ಟು ಆ ಮಾತ್ರೆಯನ್ನು ನಿಲ್ಲಿಸಬೇಡಿ. ಹೆರಾಯಿನ್ ಬಿಟ್ಟ 8ರಿಂದ 12 ಗಂಟೆಗಳಲ್ಲಿ ಮೈಕೈ ನೋವು, ಬೇಧಿ, ನಿದ್ರಾಹೀನತೆ ಆರಂಭವಾಗಿ, ಎರಡು ಮೂರನೆಯ ದಿನ ತೀವ್ರವಾಗಿ, ಸುಮಾರು ಒಂದು ವಾರದಲ್ಲಿ ಇಳಿಯುತ್ತವೆ. ಆ ಕೇಂದ್ರದವರು ದಾಟಿಸಿದ್ದು ಈ ಒಂದು ವಾರವನ್ನು ಮಾತ್ರ. ಮತ್ತೆ ಸೇದಬೇಕೆಂಬ ಸೆಳೆತ ತಿಂಗಳುಗಟ್ಟಲೆ ಉಳಿಯುತ್ತದೆ. ಈ ನಡುವೆ ದೇಹವು ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುವುದರಿಂದ, ಮೊದಲು ಸೇದುತ್ತಿದ್ದಷ್ಟನ್ನೇ ಮತ್ತೆ ಸೇದಿದವರ ಉಸಿರು ನಿಂತುಹೋಗಬಹುದು. ಮುಂದಿನ ಔಷಧಿಯಿಲ್ಲದೆ ಬರೀ ಬಿಡಿಸಿ ಮನೆಗೆ ಕಳುಹಿಸುವುದು ಅಪಾಯಕಾರಿ ಎಂದೇ ನಾನು ಹೇಳುತ್ತೇನೆ.

ಬುಪ್ರೆನಾರ್ಫಿನ್ ಮೆದುಳಿನಲ್ಲಿ ಹೆರಾಯಿನ್ ಕೂರುವ ಜಾಗದಲ್ಲೇ ಬಿಗಿಯಾಗಿ ಕೂರುತ್ತದೆ, ಆದರೆ ಅದನ್ನು ಅರೆಬರೆಯಾಗಿ ಮಾತ್ರ ಪ್ರಚೋದಿಸುತ್ತದೆ. ಹೀಗಾಗಿ ಸರಿಯಾದ ಪ್ರಮಾಣದಲ್ಲಿ ನೋವೂ ಸೆಳೆತವೂ ತಗ್ಗುತ್ತವೆ, ನಿಮ್ಮ ತಮ್ಮನಂಥವರಿಗೆ ಅಮಲು ಏರುವುದಿಲ್ಲ, ದಿನವಿಡೀ ಕೆಲಸ ಮಾಡಬಹುದು. ದೇಹಕ್ಕೆ ಔಷಧಿಯ ಅಭ್ಯಾಸವಾಗುವುದು ನಿಜ. ಆದರೆ ಸುಳ್ಳು ಹೇಳಿ, ಸಾಲ ಮಾಡಿ, ಕೆಲಸ ಕಳೆದುಕೊಂಡು ಅದನ್ನೇ ಹುಡುಕುತ್ತ ಅಲೆಯುವುದನ್ನು ನಾವು ಚಟ ಎನ್ನುತ್ತೇವೆ, ಮತ್ತು ಈ ಮಾತ್ರೆ ತಪ್ಪಿಸುವುದು ಅದನ್ನೇ. ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲೇ ಇದನ್ನು ಇದೇ ಚಿಕಿತ್ಸೆಯ ಇನ್ನೊಂದು ಔಷಧಿ ಮೆಥಡೋನ್ ಜೊತೆ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಮಾತ್ರೆಯನ್ನು ನುಂಗಿದರೆ ಬಹುಪಾಲು ವ್ಯರ್ಥ. ನಾಲಿಗೆಯಡಿ ಇಟ್ಟು, ಪೂರ್ತಿ ಕರಗುವ ತನಕ ಮಾತನಾಡದೆ, ನೀರು ಕುಡಿಯದೆ ಇರಬೇಕು. ಕರಗಿದ ಮೇಲೆ ಬಾಯಿ ಮುಕ್ಕಳಿಸಬೇಕು. ಮದ್ಯ ಅಥವಾ ಆಲ್ಪ್ರಜೊಲಾಮ್‌ನಂತಹ ನಿದ್ರೆ, ಆತಂಕದ ಮಾತ್ರೆಗಳು ಇದರೊಂದಿಗೆ ಸೇರಿದರೆ ಉಸಿರಾಟಕ್ಕೆ ಅಪಾಯ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ.

ಎಷ್ಟು ಕಾಲ ಎಂಬುದಕ್ಕೆ ಗಡುವಿಲ್ಲ. ಅನೇಕರಿಗೆ ವರ್ಷಕ್ಕೂ ಹೆಚ್ಚು ಬೇಕಾಗುತ್ತದೆ. ಕೆಲಸ, ನಿದ್ರೆ, ಮನೆಯ ಸಂಬಂಧ ನೆಲೆಗೊಂಡ ಮೇಲೆ ತಮ್ಮ ಮತ್ತು ವೈದ್ಯರು ಮಾತನಾಡಿಕೊಂಡು ನಿಧಾನವಾಗಿ ಇಳಿಸುತ್ತಾರೆ. ನೆಂಟರ ಒತ್ತಾಯಕ್ಕೆ ಇಳಿಸುವುದಲ್ಲ. ದೈವದ ಎದುರು ಕೊಟ್ಟ ಮಾತನ್ನು ಅವನು ಮನಸ್ಸಿಟ್ಟೇ ಕೊಟ್ಟಿರುತ್ತಾನೆ. ಅದು ಮುರಿಯಿತೆಂದು ಹಂಗಿಸಿದರೆ ಮುಂದಿನ ಸಲ ಜಾರಿದಾಗ ನಿಮ್ಮಿಂದಲೇ ಮುಚ್ಚಿಡುತ್ತಾನೆ, ಮುಚ್ಚಿಟ್ಟು ಒಬ್ಬನೇ ಸೇದುವವನ ಜೀವಕ್ಕೆ ಅಪಾಯ ಹೆಚ್ಚು.

ಪ್ರಶ್ನೆ: ನಾನು ಮಂಗಳೂರಿನಲ್ಲಿ ಆಪ್ತಸಮಾಲೋಚಕಿ. ಇಂಥವರು ಬಂದರೆ ವ್ಯಸನಮುಕ್ತಿ ಕೇಂದ್ರದ ವಿಳಾಸ ಕೊಟ್ಟು ಕಳುಹಿಸುತ್ತೇನೆ. ಔಷಧಿ ಬರೆಯಲಾರದ ನಾವು ಮಾಡುವುದೇನಿದೆ?
- ಓದುಗರು, ಕಂಕನಾಡಿ

ಉತ್ತರ: ಬಹಳಷ್ಟಿದೆ. ವಿಳಾಸ ಕೊಡುವ ಬದಲು, ಜಿಲ್ಲಾಸ್ಪತ್ರೆಯ ಅಥವಾ ನಿಮಗೆ ಪರಿಚಿತರಾದ ಮನೋವೈದ್ಯರಿಗೆ ಅವರ ಎದುರೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಡಿ. ಬುಪ್ರೆನಾರ್ಫಿನ್‌ನ ಮೊದಲ ಮಾತ್ರೆ ಕೊಡುವ ಹೊತ್ತಿಗೆ ಕಣ್ಣಿನ ಪಾಪೆ ಅಗಲವಾಗಿ, ಮೂಗು ಸೋರಿ, ರೋಮ ನಿಮಿರಿ, ಮತ್ತೆ ಮತ್ತೆ ಆಕಳಿಕೆ ಬರುತ್ತಿರಬೇಕು. ಹೆರಾಯಿನ್ ಇನ್ನೂ ಮೈಯಲ್ಲಿರುವಾಗಲೇ ಕೊಟ್ಟರೆ ಹಠಾತ್ತನೆ ತೀವ್ರ ಯಾತನೆ ಉಂಟಾಗುತ್ತದೆ. ಈ ಕಾಯುವಿಕೆ ಏಕೆಂದು ಮೊದಲೇ ವಿವರಿಸಿದರೆ ಅರ್ಧದಲ್ಲಿ ಎದ್ದುಹೋಗುವವರು ಕಡಿಮೆಯಾಗುತ್ತಾರೆ.

ಅನಂತರ ಸಂಬಳದ ದಿನವೋ, ಹಳೆಯ ಗೆಳೆಯನ ಕರೆಯೋ, ಯಾವುದು ಸೆಳೆತವನ್ನು ಎಬ್ಬಿಸುತ್ತದೆಂದು ಅವರೊಂದಿಗೆ ಕೂತು ಗುರುತಿಸಿ. ಖಿನ್ನತೆಯ ಬಗ್ಗೆ, ಆತ್ಮಹತ್ಯೆಯ ಯೋಚನೆಯ ಬಗ್ಗೆ ನೇರವಾಗಿ ಕೇಳಿ. ಸೂಜಿ ಬಳಸಿದವರಿಗೆ ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸಿ. ಸಮಾಲೋಚನೆಗೆ ಬಾರದಿದ್ದರೆ ಮಾತ್ರೆ ಇಲ್ಲ ಎಂಬ ಷರತ್ತನ್ನು ಮಾತ್ರ ಹಾಕಬೇಡಿ, ಜೀವ ಉಳಿಸುವುದು ಮುಖ್ಯವಾಗಿ ಆ ಮಾತ್ರೆ.

ಪೊಲೀಸರ ಭಯದಿಂದ ಬಾರದವರಿಗೆ ಎರಡು ವಿಷಯ ತಿಳಿಸಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವರ ಮಾಹಿತಿಯ ಗೋಪ್ಯತೆಯನ್ನು ಕಾಯುತ್ತದೆ, 1985ರ ಮಾದಕವಸ್ತು ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ, ಆದರೆ ಚಿಕಿತ್ಸೆಯನ್ನು ಪೂರ್ಣಗೊಳಿಸಬೇಕು.